ನಾಲ್ಕು ಸಾವಿರದ ಗ್ಲೌಸೂ, ಒಂದು ಕೊಟ್ಟೆಯೂ

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ. ಹೊಸ ಬೈಕು ತಗೊಂಡಿದ್ದಾನೆ. ಹೆಲ್ಮೆಟ್ಟು, ಜಾಕೆಟ್ಟು, ಮಂಡಿಗೆ ಕಟ್ಟೋ ಚಿಪ್ಪು ಎಲ್ಲ ಬಂದಾಗಿದೆಯಂತೆ. ಕೊನೆಗೆ ಕೇಳಿದ: "ಚಳಿಗೂ ಮಳೆಗೂ ಎರಡಕ್ಕೂ ಆಗೋವಂಥ ಒಂದು ಗ್ಲೌಸು ಹೇಳು ಮಾರಾಯ. ದುಡ್ಡಿನ ಚಿಂತೆ ಇಲ್ಲ. ದಪ್ಪಗೆ, ಬೆಚ್ಚಗಿದ್ರೆ ಸಾಕು."

ಫೋನಿನಲ್ಲಿ ಐದು ನಿಮಿಷ ಏನೇನೋ ಒದರಿದೆ. ಇಟ್ಟ ಮೇಲೆ ಸಮಾಧಾನ ಆಗಲಿಲ್ಲ. ಅವನು ಹೇಳಿದ ಆ ಕೊನೆಯ ಮಾತಿದೆಯಲ್ಲ, 'ದಪ್ಪಗಿದ್ರೆ ಸಾಕು' ಅನ್ನೋದು, ಅದನ್ನೇ ನಾನೂ ಒಂದು ಕಾಲದಲ್ಲಿ ಅಂಗಡಿಯವನಿಗೆ ಹೇಳಿದ್ದೆ. ಅದರ ಕಥೆ ಇಲ್ಲಿ ಬರೆದುಬಿಡ್ತೀನಿ. ನಿಮ್ಮಲ್ಲೂ ಬೈಕಿನವರು ಬೇಕಾದಷ್ಟು ಜನ ಇದ್ದೀರಿ, ಓದಿ ಬೈಯೋದಿದ್ರೆ ಬೈಯಿರಿ.

2022ರ ಡಿಸೆಂಬರ್ ನೆನಪಿದೆಯಾ? ಮಾಂಡೂಸ್ ಚಂಡಮಾರುತ ತಮಿಳುನಾಡಿನ ಮಾಮಲ್ಲಪುರದ ಹತ್ತಿರ ದಡ ಹತ್ತಿ, ಇತ್ತ ಬೆಂಗಳೂರಿನಲ್ಲಿ ದಿನಗಟ್ಟಲೆ ಜಿಟಿಜಿಟಿ. ಸೂರ್ಯನ ಮುಖ ಇಲ್ಲ, ಬಟ್ಟೆ ಒಣಗಲ್ಲ. ಊರಿನಲ್ಲಿ ಅಂಗಳಕ್ಕೆ ಹರವಿದ ಅಡಿಕೆಯನ್ನು ದಿನಕ್ಕೆ ನಾಲ್ಕು ಸಲ ಮುಚ್ಚಿ ತೆಗೆಯೋ ಕೆಲಸ. ಅಪ್ಪ ಫೋನಿನಲ್ಲಿ "ಒಬ್ಬನೇ ಆಗ್ತಾ ಇಲ್ಲ" ಅಂದಿದ್ದಕ್ಕೆ ನಾನು ಎರಡು ದಿನ ರಜೆ ಹಾಕಿ ಬೈಕಿನಲ್ಲೇ ಸಾಗರಕ್ಕೆ ಹೊರಟೆ. ಬಸ್ಸಿಗೆ ಹೋಗಬಹುದಿತ್ತು. ಹೋಗಲಿಲ್ಲ. ಬೈಕಿನ ಹುಚ್ಚು ಇರೋರಿಗೆ ಇದನ್ನು ವಿವರಿಸಬೇಕಿಲ್ಲ, ಇಲ್ಲದವರಿಗೆ ವಿವರಿಸಿ ಪ್ರಯೋಜನ ಇಲ್ಲ :)

ಬೆಳಗ್ಗೆ ಐದಕ್ಕೆ ಬಿಟ್ಟೆ. ಮೈಮೇಲೆ ರೈನ್‌ಕೋಟು, ಕೈಗೆ ಟಿಬೆಟನ್ನರ ಸ್ವೆಟರ್ ಅಂಗಡಿಯಲ್ಲಿ ತಗೊಂಡಿದ್ದ ಉಣ್ಣೆ ಗ್ಲೌಸು. ನಡೆದಾಡೋರಿಗೆ ಅದು ಚೆನ್ನಾಗೇ ಇದೆ. ಬೈಕಿನವರಿಗೆ ಅದು ಜರಡಿ. ನೆಲಮಂಗಲ ದಾಟೋ ಹೊತ್ತಿಗೆ ನೀರು ಕುಡಿದು ಭಾರ ಆಯ್ತು, ತುಮಕೂರಿಗೆ ಬೆರಳು ಉರಿಯೋಕೆ ಶುರು. ಅಲ್ಲಿಂದ ಮುಂದೆ ಉರಿ ನಿಂತುಹೋಯ್ತು. ಅಬ್ಬ, ಕೈ ಹೊಂದಿಕೊಂಡಿತು ಅಂದುಕೊಂಡೆ. ಉರಿ ನಿಂತಿದ್ದು ಹೊಂದಿಕೊಂಡಿದ್ದಕ್ಕಲ್ಲ, ಮರಗಟ್ಟಿದ್ದಕ್ಕೆ. ಬಲಗೈಯ ಎರಡು ಬೆರಳು ಬ್ರೇಕ್ ಲಿವರ್ ಮೇಲೆ ಇವೆಯೋ ಇಲ್ಲವೋ ಅಂತ ಕಣ್ಣಿನಿಂದ ನೋಡಿ ಖಚಿತ ಮಾಡ್ಕೋಬೇಕಾಗಿತ್ತು!

ಗುಬ್ಬಿ ದಾಟಿ ಒಂದು ಚಾ ಅಂಗಡಿ ಮುಂದೆ ನಿಲ್ಲಿಸಿದೆ. ಕೀ ತಿರುಗಿಸೋಕೆ ಆಗಲಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ಹಿಡಿತವೇ ಇಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚೋಕೆ ಅಂಗಡಿಯವರೇ ಬಂದರು. ಚಾ ಲೋಟ ಎರಡೂ ಅಂಗೈ ನಡುವೆ ಒತ್ತಿ ಹಿಡಿದು ಕುಡಿದೆ. ಅವರು ನೋಡಿ, "ಹಿಂಗೆ ಗಾಡಿ ಹೆಂಗ್ ಓಡಿಸ್ಕಂಡ್ ಬಂದ್ರಿ?" ಅಂದರು. ಉತ್ತರ ಇರಲಿಲ್ಲ.

ಆಮೇಲೆ ಕೂತು ಓದಿಕೊಂಡಿದ್ದು ಇಷ್ಟು. ಬೆರಳಿನಲ್ಲಿ ಮಾಂಸಖಂಡ ಅನ್ನೋದು ಇಲ್ಲವೇ ಇಲ್ಲ ಅನ್ನಬಹುದು. ಬೆರಳು ಆಡಿಸೋ ಸ್ನಾಯುಗಳು ಮುಂಗೈಯಲ್ಲೂ ಅಂಗೈಯಲ್ಲೂ ಇವೆ, ಬೆರಳಿಗೆ ಬರೋದು ಹುರಿ ಮಾತ್ರ. ಹಾಗಾಗಿ ಅಲ್ಲಿ ಸ್ವಂತ ಶಾಖ ಹುಟ್ಟೋದು ಕಡಿಮೆ, ರಕ್ತ ತಂದುಕೊಟ್ಟರೆ ಮಾತ್ರ ಬೆಚ್ಚಗೆ. ಮೈಯ ನಡುಭಾಗ ತಣ್ಣಗಾದ ತಕ್ಷಣ ದೇಹ ಮೊದಲು ಮಾಡೋ ಕೆಲಸ ಅಂದರೆ ಕೈಕಾಲಿನ ರಕ್ತನಾಳ ಬಿಗಿ ಮಾಡಿ ಹೃದಯ, ಶ್ವಾಸಕೋಶಕ್ಕೆ ಶಾಖ ಉಳಿಸೋದು. ಬೆರಳಿನ ಚರ್ಮ ಸುಮಾರು 15 ಡಿಗ್ರಿಗಿಂತ ಕೆಳಗೆ ಇಳಿದರೆ ಕೈಚಳಕ ಹೋಗುತ್ತೆ, ಇನ್ನೂ ಇಳಿದು 8ರ ಆಸುಪಾಸಿಗೆ ಬಂದರೆ ಸ್ಪರ್ಶವೇ ಹೋಗುತ್ತೆ. ಇನ್ನು ಒದ್ದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತೆ. ಗ್ಲೌಸಿನೊಳಗೆ ಬೆಚ್ಚಗಿಡೋದು ಬಟ್ಟೆಯಲ್ಲ, ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಆ ಜಾಗಕ್ಕೆ ನೀರು ಬಂತೋ, ಕಥೆ ಮುಗೀತು.

ಗಾಳಿ ಹೊಡೆತದ ಲೆಕ್ಕವೂ ಒಂದಿದೆ. ಅಮೆರಿಕ, ಕೆನಡಾದವರು 2001ರಿಂದ ಬಳಸ್ತಾ ಇರೋ ಸೂತ್ರ. ಅದರ ಪ್ರಕಾರ ಹೊರಗೆ 10 ಡಿಗ್ರಿ ಇದ್ದು ಗಾಳಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೀಸಿದರೆ ಬರಿ ಚರ್ಮಕ್ಕೆ ಅದು 5 ಡಿಗ್ರಿಯ ಹಾಗೆ, 80 ಆದರೆ 4ರ ಹತ್ತಿರ. ಅದು ಮುಖದ ಚರ್ಮಕ್ಕೆ ಅಂತ ಮಾಡಿದ ಲೆಕ್ಕ, ಆದರೂ ಅಂದಾಜಿಗೆ ಸಾಕು. ಬೈಕಿನಲ್ಲಿ ಆ ಗಾಳಿಯನ್ನು ನಾವೇ ಹುಟ್ಟಿಸ್ತೀವಿ ಅಷ್ಟೆ.

ಸರಿ, ಕಥೆಗೆ ಬರೋಣ. ಗುಬ್ಬಿಯ ಅವಮಾನ ಮನಸ್ಸಿನಲ್ಲಿತ್ತು. ವಾಪಸ್ ಬೆಂಗಳೂರಿಗೆ ಬಂದವನೇ ಒಂದು ದೊಡ್ಡ ಅಂಗಡಿಗೆ ಹೋಗಿ "ನಿಮ್ಮಲ್ಲಿರೋದರಲ್ಲೇ ದಪ್ಪಂದು ಕೊಡಿ" ಅಂದೆ. ಕೊಟ್ಟರು. ನಾಲ್ಕು ಸಾವಿರ ಚಿಲ್ಲರೆ. ಹೊರಗೆ ಚರ್ಮ, ನಡುವೆ ನೀರು ತಡೆಯೋ ಪೊರೆ, ಒಳಗೆ ಹಾಸಿಗೆಯಂಥ ಹತ್ತಿ. ಅಳತೆ ಸ್ವಲ್ಪ ದೊಡ್ಡದಾಗಿತ್ತು. ಬೆರಳ ತುದಿಯಲ್ಲಿ ಅರ್ಧ ಇಂಚು ಖಾಲಿ. "ದೊಡ್ಡದಿದ್ರೆ ಒಳ್ಳೇದು ಸಾರ್, ಗಾಳಿ ಆಡುತ್ತೆ" ಅಂದರು ಅಂಗಡಿಯಲ್ಲಿ. ಬಕೆಟ್ಟಿನಲ್ಲಿ ಮುಳುಗಿಸಿ ತೋರಿಸಿದರು, ಒಂದು ಹನಿ ಒಳಗೆ ಬರಲಿಲ್ಲ. ನಾನು ಧನ್ಯನಾದೆ.

2023ರ ಜನವರಿ. ಅಪ್ಪನ ಕಣ್ಣು ತೋರಿಸೋಕೆ ಶಿವಮೊಗ್ಗಕ್ಕೆ ಹೋಗಬೇಕಿತ್ತು. ಡಾಕ್ಟರು ಬೆಳಗ್ಗೆಯೇ ಬನ್ನಿ ಅಂದಿದ್ದರು. ಆರಕ್ಕೆಲ್ಲ ಸಾಗರ ಬಿಟ್ಟೆವು. ನಮ್ಮ ಕಡೆ ಜನವರಿಯ ಮಂಜು ಗೊತ್ತಲ್ಲ, ಮಳೆ ಇಲ್ಲದಿದ್ದರೂ ಅರ್ಧ ಗಂಟೆಯಲ್ಲಿ ಹೆಲ್ಮೆಟ್ಟಿನಿಂದ ತೊಟ್ಟಿಕ್ಕುತ್ತೆ. ನನ್ನ ಕೈ ಮಾತ್ರ ಒಲೆ ಮುಂದೆ ಕೂತ ಹಾಗೆ. ಒಣ, ಬೆಚ್ಚಗೆ. ಆನಂದಪುರ ದಾಟಿದಾಗ ಹಿಂದೆ ಕೂತಿದ್ದ ಅಪ್ಪನಿಗೆ ಕೂಗಿ ಹೇಳಿದೆ ಕೂಡ, ಈ ಗ್ಲೌಸು ಭಾರೀ ಚೊಲೋ ಇದೆ ಅಂತ. ಅಪ್ಪ ಶಾಲು ಹೊದ್ದು, ಕೈ ಎರಡೂ ಕಂಕುಳಿಗೆ ಸಿಕ್ಕಿಸಿಕೊಂಡು ಕೂತಿದ್ದರು.

ಚೋರಡಿ ಹತ್ತಿರ ಮಂಜಿನೊಳಗಿಂದ ಒಂದು ಎಮ್ಮೆ ರಸ್ತೆಗೆ ಬಂತು. ವೇಗ ಐವತ್ತರ ಹತ್ತಿರ ಇತ್ತು. ಬೆರಳು ಲಿವರಿಗೆ ಹಾಕಿದೆ. ಖಾಲಿ ತುದಿ ಲಿವರಿಗೆ ತಾಗಿ ಮಡಚಿಕೊಂಡು ಬೆರಳು ಜಾರಿತು. ಮತ್ತೆ ಹಾಕಿದೆ. ಈ ಸಲ ಸಿಕ್ಕಿತು, ಆದರೆ ಎಷ್ಟು ಒತ್ತುತ್ತಾ ಇದ್ದೀನಿ ಅನ್ನೋದು ಆ ಹಾಸಿಗೆಯೊಳಗಿಂದ ತಿಳಿಯಲೇ ಇಲ್ಲ. ಗಾಬರಿಗೆ ಪೂರ್ತಿ ಹಿಂಡಿದೆ. ಹಳೇ ಗಾಡಿ, ಎಬಿಎಸ್ ಇಲ್ಲ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಲಾಕ್ ಆಯ್ತು, ಬಿದ್ದೆವು. ಗಂಟೆಗೆ 50 ಅಂದರೆ ಸೆಕೆಂಡಿಗೆ ಹದಿನಾಲ್ಕು ಮೀಟರು. ಮೊದಲ ಸಲ ಬೆರಳು ಜಾರಿದ್ದು ಅರ್ಧ ಸೆಕೆಂಡು ಅಂತ ಇಟ್ಟುಕೊಂಡರೂ ಏಳು ಮೀಟರು. ಎಮ್ಮೆ ಪುಣ್ಯಕ್ಕೆ ದಾಟಿ ಹೋಗಿತ್ತು.

ನನ್ನ ಕೈಗೆ ಏನೂ ಆಗಲಿಲ್ಲ. ಅಂಗೈ ಚರ್ಮ ನಾಲ್ಕು ಸಾವಿರದ ಕೆಲಸ ಮಾಡಿತ್ತು, ಅದನ್ನು ಒಪ್ಪಬೇಕು. ಅಪ್ಪ ಬೀಳುವಾಗ ಎಲ್ಲರೂ ಮಾಡೋದನ್ನೇ ಮಾಡಿದ್ದರು, ಬಲಗೈ ನೆಲಕ್ಕೆ ಊರಿದ್ದರು. ಬರಿಗೈ. ಅಂಗೈ ಸಿಪ್ಪೆ ಸುಲಿದ ಹಾಗೆ ಸುಲಿದಿತ್ತು, ಮಣಿಕಟ್ಟಿನ ಮೂಳೆಯಲ್ಲಿ ಬಿರುಕು. ಕಣ್ಣು ತೋರಿಸೋಕೆ ಹೊರಟವರು ಕೈಗೆ ಹಿಟ್ಟು ಹಾಕಿಸಿಕೊಂಡು ಮನೆಗೆ ಬಂದರು. ಆರು ವಾರ ಎಡಗೈಯಲ್ಲಿ ಉಂಡರು. ಆ ವರ್ಷದ ಅಡಿಕೆ ಹರಡಿದ್ದು, ಗೋರಿದ್ದು ಎಲ್ಲ ಅಮ್ಮ ಮತ್ತು ಪಕ್ಕದ ಮನೆಯವರು.

ಆಗ ಯೋಚನೆ ಮಾಡಿದ್ದು: ಬೆಚ್ಚಗಿನ ಗ್ಲೌಸು ಯಾಕೆ ಬೇಕಿತ್ತು ನನಗೆ? ಬೆರಳಿಗೆ ಬ್ರೇಕು ಗೊತ್ತಾಗಲಿ ಅಂತ. ಗುಬ್ಬಿಯಲ್ಲಿ ಚಳಿಗೆ ಅದು ಗೊತ್ತಾಗ್ತಾ ಇರಲಿಲ್ಲ. ಚೋರಡಿಯಲ್ಲಿ ಗ್ಲೌಸಿಗೇ ಗೊತ್ತಾಗಲಿಲ್ಲ. ಎರಡೂ ಒಂದೇ ರೋಗ. ಅಂಗಡಿಯ ಬಕೆಟ್ಟಿನ ಪರೀಕ್ಷೆಯಲ್ಲಿ ನಾನು ನೋಡಿದ್ದು ನೀರನ್ನು, ನೋಡಬೇಕಾಗಿದ್ದು ಲಿವರನ್ನು.

ಹಾಗಾಗಿ ಗೆಳೆಯನಿಗೆ ಮೊದಲ ಮಾತು, ಗ್ಲೌಸು ತಗೊಳ್ಳೋಕೆ ಬೈಕಿನಲ್ಲಿ ಹೋಗು. ಅಂಗಡಿಯಲ್ಲಿ ಹಾಕಿ ಕೈ ಬೀಸಿ ನೋಡೋದಲ್ಲ, ಹೊರಗೆ ಬಂದು ನಿನ್ನದೇ ಗಾಡಿ ಮೇಲೆ ಕೂತು ಬ್ರೇಕು, ಕ್ಲಚ್ಚು, ಇಂಡಿಕೇಟರು, ಹಾರ್ನು ಎಲ್ಲ ಒತ್ತು. ಕಣ್ಣು ಮುಚ್ಚಿ ಒತ್ತು. ಬಿಟ್ಟರೆ ಅಂಗಡಿಯವರು ಏನಂದುಕೊಳ್ತಾರೋ ಅನ್ನೋ ಸಂಕೋಚ ಬೇಡ. ಗ್ಲೌಸು ಹಾಕಿಕೊಂಡೇ ಹೆಲ್ಮೆಟ್ ಪಟ್ಟಿ ಹಾಕಿ ಬಿಚ್ಚೋಕೆ ಆದರೆ ಬಹಳ ಒಳ್ಳೇದು. ಬೆರಳ ತುದಿಯಲ್ಲಿ ಒಂದು ನೂಲಿನಷ್ಟು ಜಾಗ ಇರಬೇಕು, ಅರ್ಧ ಇಂಚು ಅಲ್ಲ. ಹಾಗಂತ ಬಿಗಿ ಆಗಿದ್ದರೂ ಕಷ್ಟ. ಬಿಗಿ ಗ್ಲೌಸು ಒಳಗಿನ ಗಾಳಿಯನ್ನೆಲ್ಲ ಹಿಂಡಿಬಿಡುತ್ತೆ, ರಕ್ತ ಓಡಾಟಕ್ಕೂ ಅಡ್ಡ. ಮುಷ್ಟಿ ಹಿಡಿದಾಗ ಅಂಗೈಯಲ್ಲಿ ಬಟ್ಟೆ ಮುದ್ದೆ ಆಗುತ್ತಾ ನೋಡು. ಮುದ್ದೆ ಆದರೆ ಆಕ್ಸಿಲೇಟರ್ ಹಿಡಿಯೋಕೆ ಹೆಚ್ಚು ಬಲ ಬೇಕು, ನೂರು ಕಿಲೋಮೀಟರಿಗೆ ಮುಂಗೈ ಸೋತುಹೋಗುತ್ತೆ.

ಇನ್ನೊಂದು ಸಣ್ಣದು, ಆದರೆ ದಾರಿಯಲ್ಲಿ ಅಳು ಬರಿಸುತ್ತೆ. ಒಳಗಿನ ಅಸ್ತರು ಬೆರಳ ತುದಿಗೆ ಹೊಲಿದಿರಬೇಕು. ಇಲ್ಲದಿದ್ದರೆ ಒದ್ದೆ ಕೈ ಹೊರಗೆ ಎಳೆದಾಗ ಅಸ್ತರೂ ಕರುಳಿನ ಹಾಗೆ ಹಿಂದೆಯೇ ಬರುತ್ತೆ. ಮತ್ತೆ ಐದು ಬೆರಳು ಐದು ತೂತಿಗೆ ಸೇರಿಸೋದು ಪೆಟ್ರೋಲ್ ಬಂಕಿನಲ್ಲಿ ಮಾಡೋ ಕೆಲಸವಲ್ಲ.

'ವಾಟರ್‌ಪ್ರೂಫ್' ಅನ್ನೋ ಚೀಟಿಯ ಬಗ್ಗೆ ಎರಡು ಮಾತು. ಒಳ್ಳೇ ಗ್ಲೌಸಿನಲ್ಲಿ ನೀರು ತಡೆಯೋದು ಹೊರಗಿನ ಚರ್ಮ ಅಲ್ಲ, ಅದರ ಹಿಂದೆ ಇರೋ ತೆಳು ಪೊರೆ. ಗೋರ್‌ಟೆಕ್ಸ್ ಅಂತ ಕೇಳಿರ್ತೀರಿ, ಅಂಥದ್ದು. ನೀರಿನ ಹನಿಗೆ ಹೋಗೋಕೆ ಆಗದಷ್ಟು, ಬೆವರಿನ ಆವಿಗೆ ಮಾತ್ರ ಹೋಗೋಕೆ ಆಗುವಷ್ಟು ಸಣ್ಣ ರಂಧ್ರಗಳು. ಪೊರೆ ಒಳಗಿದ್ದರೆ ಹೊರಗಿನ ಚರ್ಮ ನೀರು ಕುಡಿಯುತ್ತೆ, ಭಾರ ಆಗುತ್ತೆ, ಗಾಳಿಗೆ ಆ ನೀರು ಆರುವಾಗ ಕೈಯ ಶಾಖ ಎಳೆಯುತ್ತೆ. ಆವಿಗೂ ಹೊರಗೆ ಹೋಗೋ ದಾರಿ ಮುಚ್ಚುತ್ತೆ. ಅಂದರೆ ಕೈ ಒಣಗಿದ್ದೂ ತಣ್ಣಗಾಗಬಹುದು. ಇದು ಗ್ಲೌಸಿನ ದೋಷ ಅಲ್ಲ, ಅದರ ಸ್ವಭಾವ. ಅಗ್ಗದ ಗ್ಲೌಸಿನಲ್ಲಿ ಪೊರೆ ಬದಲು ಬರೀ ಪ್ಲಾಸ್ಟಿಕ್ ಇರುತ್ತೆ, ಅದರಲ್ಲಿ ಮಳೆಯಿಂದ ಅಲ್ಲ, ಬೆವರಿನಿಂದಲೇ ನೆನೀತೀವಿ.

ನೀರು ಜಾಸ್ತಿ ಬರೋದು ಗ್ಲೌಸಿನ ಬಾಯಿಯಿಂದ. ಉದ್ದ ಬಾಯಿಯ ಗ್ಲೌಸು ಜಾಕೆಟ್ಟಿನ ತೋಳಿನ ಮೇಲೆ ಬರಬೇಕೋ, ಒಳಗೆ ಹೋಗಬೇಕೋ ಅಂತ ಬೈಕಿನವರ ನಡುವೆ ಜಗಳವೇ ಇದೆ. ನನ್ನ ಮತ ಕೇಳಿದರೆ, ಒಣ ಚಳಿಗೆ ಗ್ಲೌಸು ಮೇಲೆ, ಮಳೆಗೆ ತೋಳು ಮೇಲೆ. ಭುಜದಿಂದ ಇಳಿಯೋ ನೀರಿಗೆ ಅಗಲ ಬಾಯಿಯ ಗ್ಲೌಸು ಅಂದರೆ ಬಾಟಲಿಗೆ ಎಣ್ಣೆ ಹುಯ್ಯೋ ಲಾಳಿಕೆ ಇದ್ದ ಹಾಗೆ. ಆದರೆ ಎದುರುಗಾಳಿ ನೀರನ್ನು ತೋಳಿನೊಳಗೂ ನೂಕುತ್ತೆ, ಹಾಗಾಗಿ ರೈನ್‌ಕೋಟಿನ ತೋಳಿನ ತುದಿ ಬಿಗಿಯಾಗಿ ಕಟ್ಟುವ ಹಾಗಿರಬೇಕು.

ಯುರೋಪಿನ ಇಎನ್ 13594 ಅನ್ನೋ ಗುರುತು ಇದ್ದರೆ ಒಳ್ಳೇದು. ಅದರಲ್ಲಿ ಎರಡು ದರ್ಜೆ ಇವೆ, ಗೆಣ್ಣಿನ ರಕ್ಷಣೆಗೆ 'ಕೆಪಿ' ಅಂತ ಬೇರೆ ಅಕ್ಷರ. ಬಿದ್ದಾಗ ಹರಿಯದೆ, ಕಿತ್ತು ಹೋಗದೆ ಇರುತ್ತಾ ಅನ್ನೋದಕ್ಕೆ ಆ ಗುರುತು. ಬೆಚ್ಚಗಿರುತ್ತಾ ಅನ್ನೋದಕ್ಕೆ ಅಲ್ಲ. ನಮ್ಮಲ್ಲಿ ಹೆಲ್ಮೆಟ್ಟಿಗೆ ಕಾನೂನು ಇದೆ, ಕೈಗೆ ಯಾವುದೂ ಇಲ್ಲ.

ಈಗ ನಿಜವಾದ ತಕರಾರು. ಚಳಿಗೂ ಮಳೆಗೂ ಸೇರಿ ಒಂದೇ ದಪ್ಪ ಗ್ಲೌಸು ನಮ್ಮ ಕಡೆಗೆ ಬೇಕಾ? ಲಡಾಖಿಗೆ ಹೋಗಿ ಬಂದವರು ಬೇಕು ಅಂತಾರೆ. ಅವರು ಖರ್ದುಂಗ್ ಲಾದ ಮೇಲೆ ನಿಂತ ಫೋಟೋ ತೋರಿಸಿದರೆ ನಾವು ಸುಮ್ಮನಾಗ್ತೀವಿ. ಆದರೆ ಸ್ವಾಮಿ, ಡಿಸೆಂಬರಿನ ಬೆಂಗಳೂರಿನಲ್ಲಿ ಬೆಳಗ್ಗೆ 15–16 ಡಿಗ್ರಿ ಇದ್ದದ್ದು ಮಧ್ಯಾಹ್ನ 27ಕ್ಕೆ ಹೋಗುತ್ತೆ. ಮಲೆನಾಡಿನಲ್ಲಿ ಬೆಳಗ್ಗೆ ಅದಕ್ಕಿಂತ ಕೆಳಗೆ, ಮಧ್ಯಾಹ್ನ ಅದಕ್ಕಿಂತ ಮೇಲೆ. ನಮ್ಮ ಚಳಿಗಾಲ ದಿನಕ್ಕೆ ನಾಲ್ಕು ಗಂಟೆಯದ್ದು. ಹತ್ತು ಗಂಟೆ ಮೇಲೆ ಆ ಹಾಸಿಗೆಯೊಳಗೆ ಕೈ ಬೇಯುತ್ತೆ, ಬೆವರುತ್ತೆ, ಕೊನೆಗೆ ಬಿಚ್ಚಿ ಬ್ಯಾಗಿಗೆ ಹಾಕಿ ಬರಿಗೈಯಲ್ಲಿ ಓಡಿಸ್ತೀವಿ. ಬಿದ್ದರೆ? ನೂರಕ್ಕೆ ತೊಂಬತ್ತು ಜನಕ್ಕೆ ಬೇಕಾಗಿರೋದು ನಡುಮಟ್ಟದ, ಗಾಳಿ ತಡೆಯೋ, ಕೈಗೆ ಸರಿಯಾಗಿ ಕೂರುವ ಒಂದು ಚರ್ಮದ ಗ್ಲೌಸು. ಚಳಿಗೆ ಒಳಗೊಂದು ತೆಳು ಅಸ್ತರು, ಮಳೆಗೆ ಹೊರಗೊಂದು ಕವಚ. ಬೇಕಾದಾಗ ಹಾಕು, ಬೇಡವಾದಾಗ ತೆಗಿ. ಊಟಿಗೆ ಜನವರಿಯಲ್ಲಿ ನಸುಕಿಗೆ ಹೊರಡೋನಾದರೆ ಮಾತು ಬೇರೆ, ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತೆ.

ಕವಚಕ್ಕೂ ದುಡ್ಡಿಲ್ಲದಿದ್ದರೆ ಕೊಟ್ಟೆ. ನಮ್ಮ ಕಡೆ ಪ್ಲಾಸ್ಟಿಕ್ ಕವರಿಗೆ ಕೊಟ್ಟೆ ಅಂತೀವಿ. ಹಾಲು ಹಾಕೋಕೆ ಬರೋರು ಕೈಗೆ ಕೊಟ್ಟೆ ಕಟ್ಟಿಕೊಂಡು ಬರೋದನ್ನ ಚಿಕ್ಕವನಿದ್ದಾಗ ನೋಡಿ ನಗ್ತಾ ಇದ್ದೆ. ಅವರು ಮಾಡಿದ್ದು ಸರಿಯಾಗೇ ಇತ್ತು, ಒಂದು ತಿದ್ದುಪಡಿ ಬೇಕು ಅಷ್ಟೆ. ಕೊಟ್ಟೆ ಹೊರಗೆ ಹಾಕಿದರೆ ಲಿವರ್ ಮೇಲೆ ಜಾರುತ್ತೆ. ಒಳಗೆ ತೆಳು ಹತ್ತಿ ಗ್ಲೌಸು, ಅದರ ಮೇಲೆ ಕೊಟ್ಟೆ, ಅದರ ಮೇಲೆ ಚರ್ಮ. ಮೆಡಿಕಲ್ ಶಾಪಿನ ನೈಟ್ರೈಲ್ ಗ್ಲೌಸು ಇದಕ್ಕೆ ಇನ್ನೂ ಅನುಕೂಲ, ಬೆರಳು ಬೆರಳಿಗೇ ಕೂರುತ್ತೆ. ಬೆವರುತ್ತೆ, ನಿಜ. ಆದರೆ ಬೆವರು ಬೆಚ್ಚಗಿರುತ್ತೆ.

ಉತ್ತರ ಭಾರತದಲ್ಲಿ ಹ್ಯಾಂಡಲ್ಲಿಗೇ ಕಟ್ಟೋ ದೊಡ್ಡ ಚೀಲದಂಥ ಕವರ್ ನೋಡಿರ್ತೀರಿ. ನೋಡೋಕೆ ಎಮ್ಮೆ ಕಿವಿ ಥರ ಇರುತ್ತೆ. ನಾಚಿಕೆ ಬಿಟ್ಟರೆ ಅದಕ್ಕಿಂತ ಚೆನ್ನಾಗಿ ಗಾಳಿ ಮಳೆ ತಡೆಯೋದು ಯಾವುದೂ ಇಲ್ಲ, ಒಳಗೆ ತೆಳು ಗ್ಲೌಸು ಸಾಕು, ಬೆರಳಿಗೆ ಲಿವರ್ ಚೆನ್ನಾಗಿ ಗೊತ್ತಾಗುತ್ತೆ. ಕೈ ಥಟ್ಟನೆ ಹೊರಗೆ ಬರುವಷ್ಟು ಅಗಲ ಇರಬೇಕು ಅಷ್ಟೆ.

ಮತ್ತೆ, ಕೈ ತಣ್ಣಗಾಗ್ತಾ ಇದೆ ಅಂದರೆ ಮೊದಲು ಎದೆ ನೋಡಿಕೊಳ್ಳಿ. ಗಾಳಿ ಹೋಗದ ಜಾಕೆಟ್ಟು, ಕುತ್ತಿಗೆಗೆ ಒಂದು ಮಫ್ಲರು. ಮೈ ಬೆಚ್ಚಗಿದ್ದರೆ ದೇಹವೇ ಬೆರಳಿಗೆ ರಕ್ತ ಕಳಿಸುತ್ತೆ. ಗ್ಲೌಸಿಗೆ ನಾಲ್ಕು ಸಾವಿರ ಸುರಿದು ಎದೆಗೆ ತೆಳು ಶರಟು ಹಾಕಿಕೊಂಡು ಹೋಗೋರನ್ನು ದಿನಾ ನೋಡ್ತೀನಿ.

ಈಗ ನಾನು ಹಾಕೋದು ಎರಡು ಸಾವಿರದ ಒಳಗಿನ ಸಾಧಾರಣ ಗ್ಲೌಸು. ಅದನ್ನು ಎರಡು ಜೊತೆ ತಗೊಂಡೆ. ಇನ್ನೊಂದು ಹಿಂದೆ ಕೂರೋರಿಗೆ. ಇದನ್ನು ಗೆಳೆಯನಿಗೆ ಫೋನಿನಲ್ಲಿ ಹೇಳೋದು ಮರೆತಿದ್ದೆ, ಅದಕ್ಕೇ ಇಷ್ಟುದ್ದ ಬರೆದೆ ಅಂತ ಕಾಣುತ್ತೆ. ಹಿಂದೆ ಕೂತವರಿಗೆ ಬ್ರೇಕು ಇಲ್ಲ, ಹ್ಯಾಂಡಲ್ಲು ಇಲ್ಲ, ಬೀಳೋದು ಗೊತ್ತಾಗೋದೂ ಕೊನೆಗೆ. ನಾವು ಅವರಿಗೆ ಹೆಲ್ಮೆಟ್ ಕೊಡ್ತೀವಿ, ಅದೂ ಪೋಲೀಸರಿಗೆ ಹೆದರಿ. ಅಪ್ಪ ಮೊದಲ ಸಲ ಹಾಕಿಕೊಂಡಾಗ ಕೈ ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ಕವಳ ಹಾಕೋಕೆ ಆಗ್ತಿಲ್ಲೆ" ಅಂದರು. ನಿಜ, ಎಲೆಗೆ ಸುಣ್ಣ ಹಚ್ಚೋ ಪರೀಕ್ಷೆಯಲ್ಲಿ ಇದೂ ಫೇಲು.

ಹಳೇ ನಾಲ್ಕು ಸಾವಿರದ ಜೋಡಿ ಬಿಸಾಡಿಲ್ಲ. ಊರಿನಲ್ಲಿ ಬಚ್ಚಲ ಒಲೆ ಪಕ್ಕದ ಮೊಳೆಗೆ ನೇತಾಡ್ತಾ ಇದೆ. ಅಮ್ಮ ಬಿಸಿ ಹಂಡೆಯ ಮುಚ್ಚಳ ತೆಗೆಯೋಕೆ ಇಟ್ಟುಕೊಂಡಿದ್ದಾಳೆ. ಭಾರೀ ಚೊಲೋ ಇದೆಯಂತೆ.